ಜ್ಯೋತಿಷಕ್ಕಾಗಿ ಲ್ಯಾಟಿನ್

ನಿವೃತ್ತನಾದ ಮೇಲೆ ನಾನು ಲ್ಯಾಟಿನ್ ಕಲಿಯತೊಡಗಿದುದನ್ನು ಕಂಡು ಹಿರಿಯ ಮಿತ್ರರೊಬ್ಬರು, “ಜಾತಕ ನೋಡುವುದಕ್ಕೆ ನಮ್ಮ ಪಂಚಾಂಗ ಸಾಲದೆ?” ಎಂದು ನಕ್ಕರು. ಜಾತಕ ನೋಡುವುದು ನನ್ನ ಉದ್ದೇಶವಾಗಿರಲಿಲ್ಲ. 1049ರಲ್ಲಿ ರಚಿತವಾದ ಶ್ರೀಧರಾಚಾರ್ಯನ ‘ಜಾತಕತಿಲಕ’ದ ವಿಷಯ ಬಂದಾಗಲೆಲ್ಲ, ಹೋರಾ, ಕೇಂದ್ರ ಮೊದಲಾದ ಮಾತುಗಳು ಗ್ರೀಕ್ ಮೂಲದವೆಂದು ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮತ್ತ ಬಂದ ಆ ವಿದ್ಯೆ ರೋಮಿನತ್ತ ಹೋಗಿ ಯಾವ ರೂಪ ತಾಳಿತೆಂಬ ಕುತೂಹಲ ಮಾತ್ರ ಹಾಗೆಯೇ ಉಳಿದಿತ್ತು.

ಅದಕ್ಕೆ ಉತ್ತರವಿರುವುದು ಲ್ಯಾಟಿನ್ ಗ್ರಂಥಗಳಲ್ಲಿ. ಕ್ರಿ.ಶ. 1ನೆಯ ಶತಮಾನದ ಮನೀಲಿಯಸ್ 5 ಸಂಪುಟಗಳ ‘ಆಸ್ಟ್ರೊನೋಮಿಕ’ವನ್ನು ಪದ್ಯದಲ್ಲಿ ರಚಿಸಿದ. 4ನೆಯ ಶತಮಾನದ ಫಿರ್ಮಿಕಸ್ ಮಾತೆರ್ನಸ್‌ನ ‘ಮಾತೆಸಿಸ್’ 8 ಸಂಪುಟಗಳ ಗದ್ಯಗ್ರಂಥ. ಹೆಸರನ್ನು ನೋಡಿ ಇದನ್ನು ಗಣಿತವೆಂದು ಭ್ರಮಿಸಬಾರದು. ರೋಮಿನಲ್ಲಿ ‘ಮಾತೆಮಾತಿಕುಸ್’ ಎಂದರೆ ಜ್ಯೋತಿಷಿಯೂ ಹೌದು. ಮುಂದೆ 1138ರಲ್ಲಿ ಟಿವೋಲಿಯ ಪ್ಲೇಟೋ ಎಂಬಾತ ಟಾಲೆಮಿಯ ಜ್ಯೋತಿಷಗ್ರಂಥವನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಹೊಸದಾಗಿ ಕಲಿಯುವವರು ಮನೀಲಿಯಸ್‌ನ ಪದ್ಯಕ್ಕೆ ಕೈಹಾಕದೆ, ಇಂತಹ ಮಧ್ಯಯುಗದ ಗದ್ಯದಿಂದ ಆರಂಭಿಸುವುದು ಲೇಸು. ಅಲ್ಲಿ ವಾಕ್ಯಗಳು ಒಂದೇ ಅಚ್ಚಿನವು. ಪದಗಳು ಮತ್ತೆ ಮತ್ತೆ ಬರುತ್ತವೆ.

ಕನ್ನಡಿಗರಿಗೆ ಲ್ಯಾಟಿನ್ ತೀರ ಪರಕೀಯವಲ್ಲ. ಅಲ್ಲಿಯೂ ಅರ್ಥದ ಭಾರ ಹೊರುವುದು ವಿಭಕ್ತಿಯೇ. ಚಂದ್ರನಿಗೆ ‘ಲೂನ’, ಚಂದ್ರನನ್ನು ಎನ್ನಲು ‘ಲೂನಮ್’, ಚಂದ್ರನಿಂದ ಎನ್ನಲು ದೀರ್ಘಾಂತವಾದ ‘ಲೂನಾ’. ‘ಮಾರ್ಸ್ ಲೂನಮ್ ರೆಕಿಪಿತ್’ ಎಂದರೆ ಕುಜನು ಚಂದ್ರನನ್ನು ಬರಮಾಡಿಕೊಳ್ಳುತ್ತಾನೆ, ಅಂದರೆ ಚಂದ್ರನು ಕುಜನ ರಾಶಿಯಲ್ಲಿ ಅತಿಥಿ. ಪದಗಳನ್ನು ಹಿಂದುಮುಂದು ಮಾಡಿದರೂ, ನಮ್ಮಲ್ಲಿಯಂತೆಯೇ, ಅರ್ಥ ಕೆಡುವುದಿಲ್ಲ. ಪಾರಿಭಾಷಿಕ ಪದಗಳೂ ಪರಿಚಿತರಂತೆ ಎದುರಾಗುತ್ತವೆ. ‘ದೋಮುಸ್’ ಎಂದರೆ ಮನೆ. ‘ಆಸ್ಪೆಕ್ತುಸ್’ ಎಂದರೆ ದೃಷ್ಟಿ. ಕೇಂದ್ರಕ್ಕೆ ಮಾತ್ರ ಅವರ ಪದ ‘ಕಾರ್ದೋ’, ಅಂದರೆ ಕದ ತಿರುಗುವ ಕೀಲು. ಸಂಸ್ಕೃತವು ಗ್ರೀಕ್ ಶಬ್ದವನ್ನೇ ತನ್ನದಾಗಿಸಿಕೊಂಡಿತು. ಲ್ಯಾಟಿನ್ ತನ್ನ ಮನೆಯ ಬಾಗಿಲಲ್ಲೇ ಅದಕ್ಕೊಂದು ಮಾತನ್ನು ಹುಡುಕಿಕೊಂಡಿತು.

ಆದರೆ ಈ ಸಲುಗೆಯಿಂದಲೇ ನಾನೊಮ್ಮೆ ಮುಗ್ಗರಿಸಿದೆ. ಹಳೆಯ ಮುದ್ರಣದ ಪುಟವೊಂದರಲ್ಲಿ ‘ಲೂನ’ ಪದದ ಕೊನೆಯ ಅಕ್ಷರದ ಮೇಲೆ ಒಂದು ಗೆರೆಯಿತ್ತು. ನನ್ನ ಪಠ್ಯಪುಸ್ತಕದಲ್ಲಿ ಅಂತಹ ಗೆರೆ ದೀರ್ಘಸ್ವರದ ಗುರುತು. ಆದ್ದರಿಂದ ‘ಚಂದ್ರನಿಂದ ಕುಜನು ಪಡೆಯುತ್ತಾನೆ’ ಎಂದು ಓದಿಕೊಂಡು, ಪಾಶ್ಚಾತ್ಯರಲ್ಲಿ ಚಂದ್ರನೇ ದಾನಿಯೆಂದು ಸಾಧಿಸುವ ಲೇಖನವೊಂದನ್ನೇ ಬರೆದುಬಿಟ್ಟೆ! ಅಂಚೆಗೆ ಹಾಕುವ ಮುನ್ನ ಮತ್ತೊಮ್ಮೆ ನೋಡಿದಾಗ, ಕೆಳಗಿನ ಸಾಲಿನಲ್ಲಿ ಅದೇ ಪದ ‘ಲೂನಮ್’ ಎಂದು ಪೂರ್ಣವಾಗಿ ಅಚ್ಚಾಗಿತ್ತು. ಹಳೆಯ ಲಿಪಿಕಾರರೂ ಮುದ್ರಕರೂ ಜಾಗ ಉಳಿಸಲು ಮಕಾರ ನಕಾರಗಳನ್ನು ಬಿಟ್ಟು ಮೇಲೊಂದು ಗೆರೆ ಎಳೆಯುತ್ತಿದ್ದರು. ಅದು ಅವರ ಸೊನ್ನೆ! ಬದುಕಿಡೀ ಅನುಸ್ವಾರವನ್ನು ಬೋಧಿಸಿದವನು ಪರದೇಶದ ಅನುಸ್ವಾರವನ್ನು ಗುರುತಿಸದೆ, ಆತಿಥೇಯನನ್ನು ಯಾಚಕನನ್ನಾಗಿ ಮಾಡಿದ್ದೆ. ಲೇಖನ ಒಲೆ ಸೇರಿತು.

ನಾಮಪದಗಳ 5 ಗಣಗಳು, ಪ್ರಥಮಪುರುಷದ ಕ್ರಿಯಾರೂಪಗಳು, ಗ್ರಹರಾಶಿಗಳ ಹೆಸರುಗಳು, ಈ ಸಂಕ್ಷೇಪಚಿಹ್ನೆಗಳು: ಮೊದಲ ಮೆಟ್ಟಿಲಿಗೆ ಇಷ್ಟು ಸಾಕು. ಅವಸರ ಮಾತ್ರ ಸಲ್ಲದು. ಗ್ರಹಗಳು ಫಲ ಕೊಡುತ್ತವೆಯೋ ಇಲ್ಲವೋ ಎಂಬುದು ಬೇರೆಯ ಚರ್ಚೆ. ನಾನು ಅದರ ಗೊಡವೆಗೆ ಹೋಗಿಲ್ಲ. ನಂಬುವವನಾಗಲಿ, ಅಲ್ಲಗಳೆಯುವವನಾಗಲಿ, ಗ್ರಂಥ ಏನು ಹೇಳುತ್ತದೆಂಬುದನ್ನು ಮೊದಲು ಸರಿಯಾಗಿ ಓದಿಕೊಳ್ಳಬೇಕಷ್ಟೆ. ವಿಭಕ್ತಿ ತಪ್ಪಿದರೆ ಗ್ರಹಗತಿಯೂ ತಪ್ಪುತ್ತದೆ.