ವಿದೇಶಕ್ಕೆ ಹೊರಟಿರಾ? ನಿಮಗಿದು ಗೊತ್ತೇ?

ಗಸಗಸೆ ಪಾಯಸ ನಮ್ಮಲ್ಲಿ ಹಬ್ಬದ ಅಡುಗೆ. ಅದೇ ಗಸಗಸೆಯ ಪೊಟ್ಟಣ ದುಬೈ ವಿಮಾನ ನಿಲ್ದಾಣದಲ್ಲಿ ಬ್ಯಾಗಿನಿಂದ ಹೊರಬಂದರೆ ಮಾದಕವಸ್ತು ಪ್ರಕರಣವಾಗಬಹುದು! ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ. ಸಿಂಗಪುರದ ಮಾದಕವಸ್ತು ನಿಗ್ರಹ ಇಲಾಖೆಯೂ ಅದನ್ನು ನಿಷೇಧಿತ ಪಟ್ಟಿಯಲ್ಲಿಟ್ಟಿದೆ. ಕಾರಣ ಸರಳ. ಗಸಗಸೆ ಬರುವುದೇ ಅಫೀಮಿನ ಗಿಡದ ಕಾಯಿಯಿಂದ. ಕಾಯಿಯ ಹಾಲಿನಲ್ಲಿರುವ ಮಾರ್ಫಿನ್ ಬೀಜದ ಹೊರಮೈಗೆ ಲೇಶಮಾತ್ರ ಅಂಟಿಕೊಂಡಿರುತ್ತದೆ. ಬರಿಯ ಗಸಗಸೆ ತೆಗೆದಿಟ್ಟರೆ ಸಾಲದು. ಮನೆಯವರು ಅಕ್ಕರೆಯಿಂದ ಕಟ್ಟಿಕೊಟ್ಟ ಸಾಗುಪುಡಿಗೆ ಅದನ್ನು ಹುರಿದು ಹಾಕಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ತಿಪಟೂರಿನ ಉಂಡೆ ಕೊಬ್ಬರಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಂದು ನಂಬರ್ ಇದೆ: ಯುಎನ್ 1363. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿ ಇರುವುದು ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿನಲ್ಲಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುವುದರಿಂದ, ಗಾಳಿಯಾಡದ ಕಡೆ ಒಟ್ಟಿಗಿಟ್ಟಾಗ ಒಳಗೊಳಗೇ ಕಾವೇರುತ್ತದೆ. ಆದ್ದರಿಂದ ಭಾರತದ ವಿಮಾನ ನಿಲ್ದಾಣಗಳಲ್ಲಿ ಚೆಕ್‌ಇನ್ ಬ್ಯಾಗಿನಲ್ಲಿ ಕೊಬ್ಬರಿ ಕಂಡರೆ ತೆಗೆಸುತ್ತಾರೆ. ದೇವಸ್ಥಾನದ ಪ್ರಸಾದವೆಂದರೂ ವಿನಾಯಿತಿ ಇಲ್ಲ.

ದುಬೈ ಕಸ್ಟಮ್ಸ್ ವೀಳ್ಯದೆಲೆಯನ್ನೂ ಒಳಗೆ ಬಿಡುವುದಿಲ್ಲ. ಎಲೆ-ಅಡಿಕೆ ಸಂಚಿ ಮನೆಯಲ್ಲೇ ಇರಲಿ.

ಒಂದು ಎಸಳು ಹಸಿ ಕರಿಬೇವು ಅಮೆರಿಕದ ಕಿತ್ತಳೆ ತೋಟಗಳಿಗೆ ಕಂಟಕ ಎಂದರೆ ನಂಬುತ್ತೀರಾ? ಕರಿಬೇವಿನ ಗಿಡವೂ ನಿಂಬೆ, ಕಿತ್ತಳೆಯ ಕುಟುಂಬಕ್ಕೇ ಸೇರಿದ್ದು. ಅದರ ಚಿಗುರಿನಲ್ಲಿ ಬದುಕುವ ಪುಟ್ಟ ಕೀಟವೊಂದು ಕಿತ್ತಳೆ ಮರಗಳಿಗೆ ಸಿಟ್ರಸ್ ಗ್ರೀನಿಂಗ್ ಎಂಬ ರೋಗ ಹರಡುತ್ತದೆ. ಈ ರೋಗಕ್ಕೆ ಮದ್ದಿಲ್ಲ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ಬೆಳೆ ನೆಲಕಚ್ಚಿತು. ಮಗಳ ಮನೆಗೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದ ಕರಿಬೇವನ್ನು ಅಧಿಕಾರಿಗಳು ಕಿತ್ತುಕೊಂಡರೆ ಬೇಸರವಾಗುವುದು ಸಹಜ. ಆದರೆ ಅವರು ಕಾಯುತ್ತಿರುವುದು ರೈತರ ತೋಟವನ್ನು.

ಯುರೋಪಿಗೆ ಮಾವಿನಹಣ್ಣು ಒಯ್ಯಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಒಕ್ಕೂಟ ಈ ಪತ್ರದಿಂದ ವಿನಾಯಿತಿ ಕೊಟ್ಟಿರುವುದು ಐದೇ ಹಣ್ಣುಗಳಿಗೆ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡೂರಿಯನ್.

ಆಸ್ಟ್ರೇಲಿಯಾಕ್ಕೆ ಧಾರವಾಡ ಪೇಡೆ ಹೋಗುವುದಿಲ್ಲ. ದನಗಳ ಕಾಲುಬಾಯಿ ರೋಗ ತಮ್ಮಲ್ಲಿಗೆ ಬಾರದಿರಲಿ ಎಂದು ಅವರು ಹಾಲಿನ ಸಿಹಿತಿಂಡಿಗಳನ್ನು ತಡೆಯುತ್ತಾರೆ. ನ್ಯೂಜಿಲೆಂಡಿನಲ್ಲಿ ತಿನಿಸನ್ನು ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಎರಡೂ ದೇಶಗಳಲ್ಲಿ ಇಳಿಯುವ ಮುನ್ನ ತುಂಬುವ ಘೋಷಣೆಯಲ್ಲಿ ಆಹಾರದ ಪ್ರಶ್ನೆಗೆ ಧೈರ್ಯವಾಗಿ ‘ಹೌದು’ ಎಂದು ಬರೆಯಿರಿ. ಹೇಳಿದವರ ತಿಂಡಿಯನ್ನು ಹೆಚ್ಚೆಂದರೆ ಇಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟವರಿಗೆ ದಂಡ ಬೀಳುತ್ತದೆ.

ಇನ್ನು ಹೆಸರು. ನಮ್ಮ ಕಡೆ ಊರು, ತಂದೆಯ ಹೆಸರು ಸೇರಿ ಇನಿಷಿಯಲ್ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ, ಬಿಡಿಸಿ ಬರೆಯಬೇಕು. ಇದರ ಗೋಜೇ ಬೇಡವೆಂದು ಕೆಲವರು ಬರೀ ‘ಮಂಜುನಾಥ’ ಎಂದಷ್ಟೇ ಕೊಟ್ಟು ಸರ್‌ನೇಮ್ ಜಾಗವನ್ನು ಖಾಲಿ ಬಿಡುತ್ತಾರೆ. ತೊಡಕು ಶುರುವಾಗುವುದು ಇಲ್ಲೇ. ಅಂಥ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಸಿಕ್ಕಾಗ ‘ಮಂಜುನಾಥ’ ಸರ್‌ನೇಮ್ ಆಗುತ್ತದೆ. ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ, ಅಂದರೆ ಮೊದಲ ಹೆಸರು ತಿಳಿಯದು. ಆಮೇಲೆ ಕಾಲೇಜು, ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲೆಡೆಯೂ ಅದು ಬೆನ್ನುಬಿಡದು. ಎಮಿರೇಟ್ಸ್ ದೇಶವಂತೂ 2022ರ ನವೆಂಬರಿನಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲವೆಂದಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪಬಹುದು ಎಂದು ಮತ್ತೆ ಸಡಿಲಿಸಿತು. ಮಕ್ಕಳ ಪಾಸ್‌ಪೋರ್ಟ್ ಮಾಡಿಸುವವರು ಸರ್‌ನೇಮ್ ಜಾಗವನ್ನು ಖಾಲಿ ಬಿಡಲೇಬೇಡಿ. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಿರಬೇಕು.

ಅಂದಹಾಗೆ, ನಿಮ್ಮ ಪಾಸ್‌ಪೋರ್ಟ್ ನಿಮ್ಮದಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಕಸಿದು ಬೀರುವಿನಲ್ಲಿಟ್ಟುಕೊಳ್ಳುವ ಹಕ್ಕು ಯಾವ ಮಾಲೀಕನಿಗೂ ಏಜೆಂಟನಿಗೂ ಇಲ್ಲ. ಗಲ್ಫಿಗೆ ದುಡಿಯಲು ಹೊರಟ ಪ್ರತಿಯೊಬ್ಬರಿಗೂ ಈ ಮಾತು ಗೊತ್ತಿರಬೇಕು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಮುದ್ರೆ ಬೀಳುತ್ತದೆ. ಅವರು ಸೌದಿ, ಕುವೈತ್, ಕತಾರ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಇದು ಅವರ ರಕ್ಷಣೆಗೆಂದೇ ಇರುವ ನಿಯಮ. ‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸಕ್ಕೆ ಬದಲಿಸಿಕೊಳ್ಳೋಣ’ ಎನ್ನುವ ಏಜೆಂಟನನ್ನು ನಂಬಬೇಡಿ. ಆದರೆ ಮಕ್ಕಳನ್ನು ನೋಡಲು ಹೊರಟ ಅಪ್ಪ-ಅಮ್ಮನಿಗೆ ಇಸಿಆರ್ ಮುದ್ರೆಯಿದ್ದರೂ ಈ ಅನುಮತಿ ಬೇಕಿಲ್ಲ.

ದೇಶದಲ್ಲಿ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಮೊದಲು ತೆರೆದ ಎರಡು ಊರುಗಳಲ್ಲಿ ಮೈಸೂರು ಒಂದು. ಇನ್ನೊಂದು ಗುಜರಾತಿನ ದಾಹೋದ್. ವರ್ಷ 2017.

ಪಾಸ್‌ಪೋರ್ಟಿನ ಅವಧಿ ಇನ್ನೂ ನಾಲ್ಕು ತಿಂಗಳಿದ್ದರೂ ಸಿಂಗಪುರಕ್ಕೆ ಪ್ರವೇಶವಿಲ್ಲ, ಅಲ್ಲಿಗೆ ಕನಿಷ್ಠ ಆರು ತಿಂಗಳಿರಬೇಕು. ಷೆಂಗೆನ್ ದೇಶಗಳಿಗಾದರೆ ಅಲ್ಲಿಂದ ಮರಳುವ ದಿನದ ನಂತರ ಮೂರು ತಿಂಗಳಿದ್ದರೆ ಸಾಕು. ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವಿಮೆ ಕಡ್ಡಾಯ.

ಕೀನ್ಯಾಕ್ಕೆ ಸಫಾರಿ ಹೊರಟವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳುವುದು ಅಲ್ಲಿಗೆ ಹೋಗುವುದಕ್ಕಿಂತ ಹೆಚ್ಚಾಗಿ ಇಲ್ಲಿಗೆ ಮರಳುವುದಕ್ಕೆ! ಭಾರತದಲ್ಲಿ ಈ ರೋಗವಿಲ್ಲ. ಆದರೆ ಹರಡಬಲ್ಲ ಈಡಿಸ್ ಸೊಳ್ಳೆ ಬೀದಿಬೀದಿಯಲ್ಲಿದೆ, ಡೆಂಗಿ ತರುವುದೂ ಅದೇ. ಸೋಂಕು ಹೊತ್ತ ಒಬ್ಬರು ಬಂದಿಳಿದರೂ ಆಪತ್ತು. ಹಾಗಾಗಿ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ. ಲಸಿಕೆ ಸಿಗುವುದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ 10 ದಿನದ ಮೇಲೆ. ಹೊರಡುವ ವಾರ ಓಡಾಡಿದರೆ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು. 2016ರ ಜುಲೈಗೆ ಮೊದಲು ಪತ್ರದ ಅವಧಿ 10 ವರ್ಷವಷ್ಟೇ ಇತ್ತು.

ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪುಗಳನ್ನು ಎಮಿರೇಟ್ಸ್‌ಗೆ ಒಯ್ಯಲು ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಲಿ.

1970ರ ದಶಕದಲ್ಲಿ ಓದಲು ಅಮೆರಿಕಕ್ಕೆ ಹೋದವರು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ್ದರು. ಸರ್ಕಾರ ಕೊಡುತ್ತಿದ್ದುದೇ ಅಷ್ಟು. ಈಗ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಆದರೆ ಬಹುತೇಕ ದೇಶಗಳಿಗೆ ನೋಟಿನ ರೂಪದಲ್ಲಿ ಒಯ್ಯಬಹುದಾದ್ದು ಒಂದು ಪ್ರಯಾಣಕ್ಕೆ 3,000 ಡಾಲರ್ ಮಾತ್ರ. ಉಳಿದದ್ದು ಕಾರ್ಡಿನಲ್ಲಿ. ರೂಪಾಯಿ ನೋಟುಗಳ ಮಿತಿ 25,000.

ಪವರ್ ಬ್ಯಾಂಕ್ ಚೆಕ್‌ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ. ಲಿಥಿಯಂ ಬ್ಯಾಟರಿ ಕೆಳಗಿನ ಸರಕು ಕೋಣೆಯಲ್ಲಿ ಹೊತ್ತಿಕೊಂಡರೆ ಆರಿಸುವವರಿಲ್ಲ. ಕ್ಯಾಬಿನ್‌ನಲ್ಲಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್‌ವರೆಗಿನದ್ದಕ್ಕೆ ಯಾರನ್ನೂ ಕೇಳಬೇಕಿಲ್ಲ.

ನಮ್ಮ 230 ವೋಲ್ಟಿನ ಮಿಕ್ಸಿ ಅಮೆರಿಕದ 120 ವೋಲ್ಟಿಗೆ ಸರಿಯಾಗಿ ತಿರುಗದು, ಜಪಾನಿನಲ್ಲಿ ಇರುವುದು ಬರೀ 100. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಹಿಂದಿನ ಸಣ್ಣ ಅಕ್ಷರ ಓದಿ. ‘100–240’ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು.

ಸಿಂಗಪುರ ಮತ್ತು ಥಾಯ್ಲೆಂಡಿನ ಆಗಮನ ಕಾರ್ಡನ್ನು ಈಗ ಆನ್‌ಲೈನಿನಲ್ಲೇ, ತಲುಪುವ ದಿನಕ್ಕೆ ಮೂರು ದಿನದೊಳಗೆ ತುಂಬಬೇಕು. ಎರಡೂ ಉಚಿತ. ದುಡ್ಡು ಕೇಳುವ ತಾಣ ಸರ್ಕಾರದ್ದಲ್ಲ.

ಬ್ಯಾಗು ಬೆಲ್ಟಿನ ಮೇಲೆ ಬಾರದಿದ್ದರೆ? 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರಂತೆ ವಿಮಾನ ಸಂಸ್ಥೆ ಪರಿಹಾರ ಕೊಡಲೇಬೇಕು. ಬ್ಯಾಗಿಗೆ ಹಾನಿಯಾಗಿದ್ದರೆ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಅದಕ್ಕೆ ಬೇಕಾಗುವುದು ಚೆಕ್‌ಇನ್ ಕೌಂಟರಿನಲ್ಲಿ ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಟ್ಟ ಆ ಸಣ್ಣ ಬ್ಯಾಗೇಜ್ ಚೀಟಿ.