ನಿಮಗಿದು ಗೊತ್ತೇ? ಅನಾನಸ್ ಹಾಕಿದ ಬಾರ್ಬೆಕ್ಯೂ ಚಿಕನ್ ಪಿಜ್ಜಾ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಮನೆಗಳಲ್ಲಿ ಮಕ್ಕಳು ಪಿಜ್ಜಾ ಕೇಳಿದರೆ ಮೈಸೂರಿನ ಬಸ್ಸು ಹತ್ತಬೇಕಿಲ್ಲ. ಅದಕ್ಕೆ ಬೇಕಾದ ಸಿಹಿ, ಹುಳಿ, ಖಾರ, ಕೆಂಡ ಎಲ್ಲವೂ ಈ ನಾಲ್ಕು ತಾಲ್ಲೂಕುಗಳಲ್ಲೇ ಇವೆ. ಓದಿ ನೋಡಿ!

● ಪಿಜ್ಜಾ ಮೇಲೆ ಅನಾನಸ್ ಹಾಕಿ ಹೆಸರಾದವರು ಸ್ಯಾಮ್ ಪನೊಪುಲೊಸ್. ಗ್ರೀಸ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಇವರು 1962ರಲ್ಲಿ ಒಂಟಾರಿಯೊದ ಚಾಟಮ್ ಊರಿನ ತಮ್ಮ ಹೋಟೆಲಿನಲ್ಲಿ ಇದನ್ನು ಮಾಡಿದರು. ಅನಾನಸ್ ಡಬ್ಬಿಯ ಮೇಲಿದ್ದ ‘ಹವಾಯಿಯನ್’ ಎಂಬ ಹೆಸರೇ ಪಿಜ್ಜಾಕ್ಕೂ ಬಂತು.

● ಕಾಲುಶತಮಾನ ಅಲ್ಲ, ಅರ್ಧ ಶತಮಾನ ಕಳೆದರೂ ಇದರ ಜಗಳ ಮುಗಿದಿಲ್ಲ. ಪಿಜ್ಜಾ ಮೇಲೆ ಅನಾನಸ್ ಹಾಕುವುದನ್ನು ಸಾಧ್ಯವಾದರೆ ನಿಷೇಧಿಸುತ್ತಿದ್ದೆ ಎಂದು 2017ರಲ್ಲಿ ಐಸ್‌ಲ್ಯಾಂಡ್‌ನ ಅಧ್ಯಕ್ಷರೇ ಹೇಳಿದ್ದರು. ಆಮೇಲೆ, ಅಂಥ ಅಧಿಕಾರ ತಮಗಿಲ್ಲದಿರುವುದೇ ಒಳ್ಳೆಯದೆಂದರು.

● ಬಾರ್ಬೆಕ್ಯೂ ಚಿಕನ್ ಪಿಜ್ಜಾ ಅಮೆರಿಕದ ಕೂಸು. ಎಡ್ ಲಾಡೂ ಎಂಬ ಬಾಣಸಿಗರು 1985ರಲ್ಲಿ ಶುರುವಾದ ‘ಕ್ಯಾಲಿಫೋರ್ನಿಯಾ ಪಿಜ್ಜಾ ಕಿಚನ್’ಗೆ ರೂಪಿಸಿದ ತಿನಿಸುಗಳಲ್ಲಿ ಇದೇ ಹೆಚ್ಚು ಪ್ರಸಿದ್ಧಿ ಪಡೆಯಿತು.

● ಅನಾನಸ್‌ನ ತವರು ದಕ್ಷಿಣ ಅಮೆರಿಕ. 16ನೇ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲೇ ಇದರ ಪ್ರಸ್ತಾಪವಿದೆ. ಸಾಸ್‌ಗೆ ಬೇಕಾದ ಟೊಮೆಟೊ, ಮೆಣಸಿನಕಾಯಿ ಮಾತ್ರವಲ್ಲ, ಹುಣಸೂರು ಸೀಮೆಯ ಹೊಗೆಸೊಪ್ಪು ಕೂಡ ಅಮೆರಿಕ ಖಂಡಗಳ ಗಿಡವೇ!

● ‘ಖಾರದ ಜೊತೆ ಅನಾನಸ್ಸೇ?’ ಎಂದು ಮೂಗು ಮುರಿಯುವವರಿಗೆ ಮದುವೆ ಮನೆಯ ಎಲೆಯ ಮೇಲಿನ ಅನಾನಸ್ ಗೊಜ್ಜೇ ಉತ್ತರ. ಹುಣಸೆ, ಬೆಲ್ಲ, ಮೆಣಸಿನಕಾಯಿ, ಅನಾನಸ್ ನಮ್ಮ ನಾಲಿಗೆಗೆ ಹಳೆಯ ಪರಿಚಯ. ಬಾರ್ಬೆಕ್ಯೂ ಸಾಸ್‌ನ ರುಚಿ ನಿಂತಿರುವುದೂ ಇದೇ ಸಿಹಿ-ಹುಳಿ-ಖಾರದ ಮೇಲೆ.

● ಆ ಸಾಸ್ ಮನೆಯಲ್ಲೇ ಆಗುತ್ತದೆ. ಎರಡು ಟೊಮೆಟೊ ರುಬ್ಬಿ, ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಬೆಲ್ಲ, ಸ್ವಲ್ಪ ಹುಣಸೆ ರಸ, ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಉಪ್ಪು ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ. ಕಾವೇರಿ ನಾಲೆಗಳ ನೀರಿನಲ್ಲಿ ಕಬ್ಬು ಬೆಳೆಯುವ ಕೆ.ಆರ್. ನಗರದವರಿಗೆ ಬೆಲ್ಲಕ್ಕೇನು ಬರ?

● ವಿದೇಶಿ ಬಾರ್ಬೆಕ್ಯೂ ಸಾಸ್‌ಗಳಿಗೆ ಹಾಕುವ ಇಂಗ್ಲೆಂಡಿನ ಹೆಸರಾಂತ ವೂಸ್ಟರ್ ಸಾಸ್‌ನಲ್ಲೂ ಇರುವುದು ನಮ್ಮ ಹುಣಸೆಹಣ್ಣೇ!

● ಹಸಿ ಅನಾನಸ್ ತಿಂದಾಗ ನಾಲಿಗೆ ಚುರುಗುಟ್ಟುವುದೇಕೆ? ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ. ಮಾಂಸ ಮೆತ್ತಗಾಗುವುದೂ ಅದರಿಂದಲೇ. ಕೋಳಿಗೆ ಇದರ ರಸ ಸವರಿದರೆ ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಮಾಂಸ ಹಿಟ್ಟಿನಂತಾಗುತ್ತದೆ.

● ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆಯುವ ಶುಂಠಿಗೂ ಇದೇ ಗುಣವಿದೆ. ಹಸಿ ಶುಂಠಿಯ ಜಿಂಜಿಬೇನ್ ಎಂಬ ಕಿಣ್ವವೂ ಮಾಂಸವನ್ನು ಮೆದುಮಾಡುತ್ತದೆ. ಬಾಡೂಟಕ್ಕೆ ಅಜ್ಜಿಯರು ಅರೆದು ಹಾಕುತ್ತಿದ್ದ ಶುಂಠಿಯಿಂದ ಘಮಲಿನ ಜೊತೆ ಈ ಲಾಭವೂ ಇತ್ತು.

● ಹಸಿ ಅನಾನಸ್ ಹಾಲು, ಮೊಸರಿಗೆ ಬಿದ್ದರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಇಲ್ಲೂ ಬ್ರೊಮೆಲೈನ್‌ನದೇ ಕೆಲಸ. ಬಿಸಿ ತಾಗಿದರೆ ಅದರ ಶಕ್ತಿ ಉಡುಗುತ್ತದೆ. ಹಾಗಾಗಿ ಡಬ್ಬಿಯ ಹಣ್ಣಿಗೆ ಈ ತೊಂದರೆಯಿಲ್ಲ.

● ಅನಾನಸ್‌ನಲ್ಲಿ ಶೇ 85ಕ್ಕೂ ಹೆಚ್ಚು ನೀರೇ. ಹಾಗೇ ಹಾಕಿದರೆ ಪಿಜ್ಜಾ ತೊಯ್ದು ತೊಪ್ಪೆ. ತೆಳ್ಳಗೆ ಹೆಚ್ಚಿ ಕಾದ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಸುಟ್ಟರೆ ನೀರು ಇಂಗಿ, ಸಿಹಿ ಗಟ್ಟಿಯಾಗುತ್ತದೆ.

● ನಾಗರಹೊಳೆಯ ಕಾಡಂಚಿನಲ್ಲಿ ಕೂಗುವ ಬೂದು ಕಾಡುಕೋಳಿ ನಿಮ್ಮ ಸಾಕುಕೋಳಿಯ ನೆಂಟ! ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲು, ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ವಂಶವಾಹಿ ಪರೀಕ್ಷೆಯಿಂದ ತೋರಿಸಿದರು.

● ನಾಟಿ ಕೋಳಿ ಸಾರಿಗೆ, ಮುದ್ದೆಗೆ ಸರಿ. ಪಿಜ್ಜಾಕ್ಕೆ ಬೇಗ ಬೇಯುವ ಫಾರಂ ಕೋಳಿಯ ಮೂಳೆಯಿಲ್ಲದ ತುಂಡುಗಳೇ ಅನುಕೂಲ. ಕೋಳಿಯನ್ನು ಮೊದಲೇ ಪೂರ್ತಿ ಬೇಯಿಸಿಕೊಳ್ಳಿ. ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿನ್ನಲು ಸುರಕ್ಷಿತ.

● ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಸೊಪ್ಪಿಗೆ ಹೊಗೆಯೇ ತಾಗುವುದಿಲ್ಲ! ಬೆಂಕಿಯ ಶಾಖ ಕಬ್ಬಿಣದ ಕೊಳವೆಗಳಲ್ಲಿ ಹರಿದು ಒಳಗಿನ ಗಾಳಿಯನ್ನಷ್ಟೇ ಕಾಯಿಸುತ್ತದೆ. ಕೊನೆಯ ಹಂತದಲ್ಲಿ ಅದು 70 ಡಿಗ್ರಿ ಆಸುಪಾಸು. ಬಾರ್ಬೆಕ್ಯೂ ಇದಕ್ಕೆ ತದ್ವಿರುದ್ಧ: ಅಲ್ಲಿ ಹೊಗೆ ಮಾಂಸಕ್ಕೆ ಹತ್ತಿದರೇ ರುಚಿ.

● ಆ ಹೊಗೆಯ ರುಚಿಗೆ ದುಬಾರಿ ಒಲೆ ಬೇಡ. ಬೆಂದ ಕೋಳಿಯ ಪಾತ್ರೆಯ ನಡುವೆ ಪುಟ್ಟ ಬಟ್ಟಲಿಟ್ಟು, ತೆಂಗಿನ ಚಿಪ್ಪಿನ ಒಂದು ಕೆಂಡ ಹಾಕಿ, ಅರ್ಧ ಚಮಚ ತುಪ್ಪ ಬಿಟ್ಟು ಮುಚ್ಚಿ. ಐದು ನಿಮಿಷ ಸಾಕು. ಕಿಟಕಿ ತೆರೆದಿರಲಿ.

● ಹಿಟ್ಟಿನ ಲೆಕ್ಕ: ಮೈದಾ 250 ಗ್ರಾಂ, ನೀರು ಸುಮಾರು 150 ಮಿಲಿ, ಒಣ ಈಸ್ಟ್ ಒಂದು ಚಿಕ್ಕ ಚಮಚ, ಉಪ್ಪು, ಸ್ವಲ್ಪ ಎಣ್ಣೆ. ಈಸ್ಟ್ ಜೀವಂತ ಸೂಕ್ಷ್ಮಾಣು. ಬಿಸಿನೀರು ಸುರಿದರೆ ಸಾಯುತ್ತದೆ. ಉಗುರುಬೆಚ್ಚಗಿನ ನೀರೇ ಇರಲಿ. ನಾದಿದ ಹಿಟ್ಟು ಎರಡರಷ್ಟು ಉಬ್ಬಬೇಕು.

● ಓವನ್ ಇಲ್ಲವೇ? ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ‘ಬಾಲೆಪ್’ ಎಂಬ ದಪ್ಪ ರೊಟ್ಟಿಯನ್ನು ಬಾಣಲೆಯಲ್ಲೇ ಬೇಯಿಸುತ್ತಾರೆ. ಪಿಜ್ಜಾಕ್ಕೂ ಆ ದಾರಿ ನಡೆಯುತ್ತದೆ: ದಪ್ಪ ತಳದ ಕಾವಲಿಯಲ್ಲಿ ಒಂದು ಬದಿ ಬೇಯಿಸಿ, ಮಗುಚಿ, ಬೆಂದ ಬದಿಗೆ ಸಾಸ್, ಕೋಳಿ, ಅನಾನಸ್, ಚೀಸ್ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಡಿ.

● ನೇಪಲ್ಸ್‌ನ ಸೌದೆ ಒಲೆಯ ಶಾಖ 430 ಡಿಗ್ರಿಗೂ ಹೆಚ್ಚು. ಪಿಜ್ಜಾ ಒಂದೂವರೆ ನಿಮಿಷದೊಳಗೆ ಸಿದ್ಧ. ಮನೆಯ ಓವನ್ ಸಾಮಾನ್ಯವಾಗಿ 250 ಡಿಗ್ರಿ ದಾಟದು. ಹತ್ತು-ಹನ್ನೆರಡು ನಿಮಿಷ ಬೇಕು.

● ಪನೀರ್ ಏಕೆ ಕರಗುವುದಿಲ್ಲ? ಅದು ಬಿಸಿ ಹಾಲನ್ನು ಹುಳಿಯಿಂದ ಒಡೆಸಿ ಮಾಡಿದ್ದು. ಮೊಝರೆಲ್ಲಾ ಚೀಸ್ ಮಾಡುವಾಗ ಒಡೆದ ಹಾಲಿನ ಗಟ್ಟಿಯನ್ನು ಬಿಸಿನೀರಿನಲ್ಲಿ ಎಳೆದೆಳೆದು ನಾದುತ್ತಾರೆ. ಪಿಜ್ಜಾ ಮೇಲೆ ಅದು ಎಳೆಯಾಗುವ ಗುಟ್ಟು ಅದೇ.

● ಎಚ್.ಡಿ. ಕೋಟೆಯ ಕಾಡಿನ ಜೇನಿದ್ದರೆ ಪಿಜ್ಜಾ ಇಳಿಸಿದ ಮೇಲೆ ಒಂದು ಚಮಚ ಸುರಿಯಿರಿ. ಮೊದಲೇ ಹಾಕಿದರೆ ಜೇನಿನ ಸಕ್ಕರೆ ಸೀದು ಕಹಿಯಾಗುತ್ತದೆ.

● ಅನಾನಸ್‌ನ ಜುಟ್ಟು ಎಸೆಯಬೇಡಿ! ಎರಡು ದಿನ ಆರಲು ಬಿಟ್ಟು ನೀರು ನಿಲ್ಲದ ಮಣ್ಣಿನಲ್ಲಿ ನೆಟ್ಟರೆ ಬೇರೊಡೆಯುತ್ತದೆ. ಸುಮಾರು ಎರಡು ವರ್ಷಕ್ಕೆ ಹಣ್ಣು ಬಿಡುತ್ತದೆ. ಮಕ್ಕಳ ಕೈಯಿಂದಲೇ ನೆಡಿಸಿ.