ಹಳೆಯ ಉಕ್ಕಿನ ಟೋಪಿಯ ಗುರುತು

ಬೋರಲು ಹಾಕಿದ ತಟ್ಟೆಯಂತಿರುವ ಬ್ರಿಟಿಷ್ ಸೇನೆಯ ಉಕ್ಕಿನ ಟೋಪಿ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. 1915ರಲ್ಲಿ ಜಾನ್ ಬ್ರೋಡಿಯವರು ಇದಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ನಮ್ಮ ದೇಶದ ಸೈನಿಕರೂ ಇದನ್ನು ಧರಿಸಿದ್ದರು. ಎರಡೂ ಯುದ್ಧಗಳಲ್ಲಿ ಆಕಾರ ಹೆಚ್ಚು ಬದಲಾಗಲಿಲ್ಲ. ಆದುದರಿಂದ ಕಾಲವನ್ನು ತಿಳಿಯಲು ಟೋಪಿಯನ್ನು ಮಗುಚಿ ನೋಡಬೇಕು.

ಮೊದಲ ಯುದ್ಧದ ಟೋಪಿಯಲ್ಲಿ ಒಳಗಿನ ಅಸ್ತರನ್ನು ನೆತ್ತಿಗೆ ರಿವಿಟ್ ಹೊಡೆದು ಕೂಡಿಸಿರುತ್ತಾರೆ. ಗಲ್ಲದ ಪಟ್ಟಿ ತೊಗಲಿನದು. 1938ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಅಸ್ತರಿಗೆ ಬಿಚ್ಚಬಹುದಾದ ತಿರುಪು, ಗಲ್ಲಕ್ಕೆ ನೇಯ್ದ ಪಟ್ಟಿ. ಇದರ ಅಂಚಿನ ಕೆಳಗೆ ಸಾಮಾನ್ಯವಾಗಿ ತಯಾರಕರ ಅಕ್ಷರಗಳನ್ನೂ ಇಸವಿಯನ್ನೂ ಒತ್ತಿರುತ್ತಾರೆ. ಹಿಂಬದಿಯ ಅಂಚಿನಲ್ಲಿ ಮೂರು ತೂತುಗಳಿದ್ದರೆ ಅದು ದಕ್ಷಿಣ ಆಫ್ರಿಕದಲ್ಲಿ ತಯಾರಾದುದು.

ಹಳೆಯ ಟೋಪಿಯಲ್ಲಿ ಹೊಸ ಅಸ್ತರು ಕಂಡೊಡನೆ ಮೋಸವೆನ್ನಲಾಗದು. ಎರಡನೆಯ ಯುದ್ಧ ಸಮೀಪಿಸಿದಾಗ ಸೇನೆಯೇ ಮೊದಲ ಯುದ್ಧದ ಟೋಪಿಗಳಿಗೆ ಹೊಸ ಅಸ್ತರು ಹಾಕಿಸಿತ್ತು.

ಸಂಗ್ರಹಿಸುವವರಲ್ಲಿ ನಮ್ಮದೊಂದು ಬಿನ್ನಹ. ತುಕ್ಕು ತೆಗೆಯಲೆಂದು ಮರಳುಕಾಗದದಿಂದ ಉಜ್ಜಬೇಡಿ. ಹೊಳಪು ಬಂದೀತು, ಆದರೆ ಹಳೆಯ ಬಣ್ಣವೂ, ಸೈನಿಕನೊಬ್ಬನು ಒಳಗೆ ಬರೆದುಕೊಂಡಿದ್ದ ಹೆಸರೂ ಅಳಿಸಿಹೋದಾವು. ಆ ಬಳಿಕ ಅದನ್ನು ಧರಿಸಿದವನಾರೆಂದು ಹೇಳಲು ಏನೂ ಉಳಿಯದು.